ಆ ಗೋಡೆ ಕಟ್ಟಿದ್ದು ಯಾರು?

ಎಲ್ಲರಿಗೂ ನಮಸ್ಕಾರ. ಇವತ್ತು ಆಫ್ರಿಕಾದ ಬಗ್ಗೆ ಮಾತಾಡೋಣ. ಇಡೀ ಖಂಡದ ಕಥೆ ಒಂದು ಗಂಟೆಯಲ್ಲಿ ಮುಗಿಯೋದಿಲ್ಲ, ಅದಕ್ಕೆ ಒಂದು ಗೋಡೆಯನ್ನು ಮಾತ್ರ ಹಿಡಿದುಕೊಳ್ಳುತ್ತೇನೆ.

ಜಿಂಬಾಬ್ವೆಯ ಮಸ್ವಿಂಗೊ ಊರಿನ ಹತ್ತಿರ ಗ್ರೇಟ್ ಜಿಂಬಾಬ್ವೆ ಎಂಬ ಹಾಳುಬಿದ್ದ ನಗರ ಇದೆ. ಗ್ರಾನೈಟನ್ನು ಇಟ್ಟಿಗೆ ಹಾಗೆ ಒಡೆದು, ಗಾರೆಯೇ ಇಲ್ಲದೆ ಒಂದರ ಮೇಲೊಂದು ಜೋಡಿಸಿದ್ದಾರೆ. ದೊಡ್ಡ ಸುತ್ತುಗೋಡೆ ಸುಮಾರು 250 ಮೀಟರ್ ಉದ್ದ, ಕೆಲವು ಕಡೆ 11 ಮೀಟರ್ ಎತ್ತರ. ಕಟ್ಟಿದವರು ಇವತ್ತಿನ ಶೋನಾ ಜನರ ಹಿರಿಯರು, ಹೆಚ್ಚುಕಡಿಮೆ 11ರಿಂದ 15ನೇ ಶತಮಾನದೊಳಗೆ. ಚಿನ್ನದ ವ್ಯಾಪಾರ ಜೋರಾಗಿತ್ತು. ಚೀನಾದ ಪಿಂಗಾಣಿ, ನಮ್ಮ ಭಾರತದ ಗಾಜಿನ ಮಣಿ ಎಲ್ಲ ಅಲ್ಲಿ ಸಿಕ್ಕಿವೆ.

1871ರಲ್ಲಿ ಕಾರ್ಲ್ ಮೌಖ್ ಎಂಬ ಜರ್ಮನ್ ಪ್ರವಾಸಿ ಅಲ್ಲಿಗೆ ಹೋದ. ಬಾಗಿಲ ಮೇಲಿನ ತೊಲೆಯಿಂದ ಮರದ ಚೂರೊಂದನ್ನು ಕತ್ತರಿಸಿ ನೋಡಿದ. ತನ್ನ ಪೆನ್ಸಿಲ್ಲಿನ ಮರದ ಹಾಗೇ ಇದೆ, ಹಾಗಾದರೆ ಇದು ಲೆಬನಾನಿನ ಸೀಡರ್, ಹಾಗಾದರೆ ಇದು ಬೈಬಲ್ಲಿನ ಕಥೆಯಲ್ಲಿ ಬರುವ ಶೀಬಾ ರಾಣಿಯ ಅರಮನೆ ಅಂತ ತೀರ್ಮಾನಿಸಿಬಿಟ್ಟ. ಇಷ್ಟೇ ಸಾಕ್ಷಿ! ಮರ ಆಫ್ರಿಕಾದ್ದೇ ಆಗಿತ್ತು.

ಇದು ಒಬ್ಬನ ತಪ್ಪಾಗಿದ್ದರೆ ಸುಮ್ನೆ ಬಿಟ್ಟುಬಿಡಬಹುದಿತ್ತು. ಆದರೆ ನೆಲ ಕಿತ್ತುಕೊಂಡ ಬಿಳಿಯರಿಗೆ ಈ ಕಥೆ ಬೇಕಾಗಿತ್ತು, ಯಾಕೆಂದರೆ ಇಲ್ಲಿನ ಜನ ಏನೂ ಕಟ್ಟಿಲ್ಲ ಎಂದಾದರೆ ನೆಲವೂ ಅವರದ್ದಲ್ಲ ಅನ್ನುವುದು ಸುಲಭ, ಅಲ್ವಾ? 1902ರಲ್ಲಿ ಅಲ್ಲಿನ ಮೇಲ್ವಿಚಾರಕನಾಗಿ ಬಂದ ರಿಚರ್ಡ್ ಹಾಲ್ ಆಫ್ರಿಕನ್ನರು ಬಾಳಿದ ಗುರುತಿದ್ದ ಮಣ್ಣಿನ ಪದರಗಳನ್ನೇ ಕೊಳೆ ಎಂದು ಅಗೆದು ಎಸೆಸಿದ. ಇದನ್ನು ಮೊದಲ ಸಲ ಓದಿದಾಗ ನನಗೆ ಹೊಟ್ಟೆ ಉರಿದಿತ್ತು. ಸಾಕ್ಷಿಯನ್ನು ಮೊದಲು ಅಳಿಸುವುದು, ಆಮೇಲೆ ಸಾಕ್ಷಿಯೇ ಇಲ್ಲ ಅನ್ನುವುದು.

1905ರಲ್ಲಿ ಮ್ಯಾಕಿವರ್, 1929ರಲ್ಲಿ ಗರ್ಟ್ರೂಡ್ ಕೇಟನ್-ಥಾಂಪ್ಸನ್ ಎಂಬ ಪುರಾತತ್ವಜ್ಞರು ಅಗೆದು ನೋಡಿ, ಇದು ಆಫ್ರಿಕನ್ನರದೇ ಕೆಲಸ ಎಂದು ಸ್ಪಷ್ಟವಾಗಿ ಹೇಳಿದರು. ಆದರೂ 1965ರ ನಂತರದ ರೊಡೇಶಿಯಾದ (ಜಿಂಬಾಬ್ವೆಗೆ ಆಗ ಇದ್ದ ಹೆಸರು) ಬಿಳಿಯರ ಸರ್ಕಾರ ಈ ಮಾತನ್ನು ಒಪ್ಪಲಿಲ್ಲ. ಸ್ಮಾರಕಗಳ ಅಧಿಕಾರಿಯಾಗಿದ್ದ ಪೀಟರ್ ಗಾರ್ಲೇಕ್ ಸತ್ಯವನ್ನು ಬದಲಿಸಲು ಒಪ್ಪದೆ 1970ರಲ್ಲಿ ದೇಶವನ್ನೇ ಬಿಟ್ಟರು.

ಈಗ ಆ ಗೋಡೆ ಪಕ್ಕದ ಹಳ್ಳಿಯ ಒಂದು ಶೋನಾ ಮಗುವನ್ನು ನೆನೆಸಿಕೊಳ್ಳಿ. ಅಜ್ಜಿ ಇದು ನಮ್ಮವರದು ಅನ್ನುತ್ತಾಳೆ. ಓದು ಕಲಿತವರು ಅಲ್ಲ ಅನ್ನುತ್ತಾರೆ. ಮಗು ಯಾರನ್ನು ನಂಬಬೇಕು? ಮನಸ್ಸಿನ ವಸಾಹತು ಅಂದರೆ ನನ್ನ ಪ್ರಕಾರ ಇದೇ: ಅಜ್ಜಿಯ ಮಾತಿಗೆ ಬೆಲೆ ಇಲ್ಲ ಅಂತ ಮಗುವೇ ನಂಬಲು ಶುರು ಮಾಡುವುದು. ಫ್ರೆಂಚ್ ವಸಾಹತುಗಳ ಶಾಲೆಗಳಲ್ಲಂತೂ ಆಫ್ರಿಕನ್ ಮಕ್ಕಳು ‘ನಮ್ಮ ಪೂರ್ವಿಕರು ಗಾಲ್ ಜನ’, ಅಂದರೆ ಫ್ರಾನ್ಸಿನ ಪ್ರಾಚೀನ ಜನ, ಅಂತ ಬಾಯಿಪಾಠ ಮಾಡುತ್ತಿದ್ದರು.

ಇದಕ್ಕೆ ಉತ್ತರವೂ ಪಾಠದ ಕೋಣೆಯಿಂದಲೇ ಬಂತು. ಅಂಥ ವಸಾಹತೊಂದರಲ್ಲಿ, ಈಗಿನ ಬುರ್ಕಿನಾ ಫಾಸೊದಲ್ಲಿ, ಹುಟ್ಟಿದ ಜೋಸೆಫ್ ಕಿ-ಜೆರ್ಬೊ ಪ್ಯಾರಿಸ್‌ನಲ್ಲಿ ಇತಿಹಾಸ ಓದಿ, ಮರಳಿ ಬಂದು ಆಫ್ರಿಕಾದ ಇತಿಹಾಸ ಬರೆದರು. 1964ರಲ್ಲಿ ಯುನೆಸ್ಕೋ ಶುರು ಮಾಡಿದ ಆಫ್ರಿಕಾ ಇತಿಹಾಸದ 8 ಸಂಪುಟಗಳಲ್ಲಿ ಮೊದಲನೆಯದಕ್ಕೆ ಅವರೇ ಸಂಪಾದಕರು. ಜನ ಬಾಯಿಂದ ಬಾಯಿಗೆ ದಾಟಿಸಿದ ಕಥೆ, ಹಾಡು, ವಂಶಾವಳಿಯೂ ಇತಿಹಾಸಕ್ಕೆ ಆಧಾರ ಎಂದು ಅಲ್ಲಿ ವಾದಿಸಿದರು. ಅಜ್ಜಿಯ ಮಾತು ಪುಸ್ತಕದೊಳಗೆ ಬಂತು.

1980ರಲ್ಲಿ ರೊಡೇಶಿಯಾ ಹೋಗಿ ಜಿಂಬಾಬ್ವೆ ಬಂತು. ಶೋನಾ ಭಾಷೆಯ ಆ ಹೆಸರಿಗೆ ಕಲ್ಲಿನ ಮನೆಗಳು ಅಂತ ಅರ್ಥ. ಗಾರ್ಲೇಕ್ ಮರಳಿ ಬಂದರು. ಆ ನಗರದಲ್ಲಿ ಸಿಕ್ಕ ಹಕ್ಕಿಯ ಶಿಲ್ಪ ದೇಶದ ಬಾವುಟದ ಮೇಲೆ ಕೂತಿತು. ನಮ್ಮ ಬೇಲೂರಿನ ಶಿಲ್ಪಗಳ ಹಾಗೆ ಅದೂ ಬಳಪದ ಕಲ್ಲಿನದು. ಹೊರಗೆ ಸಾಗಿಸಿದ್ದ ಹಕ್ಕಿಗಳಲ್ಲಿ ನಾಲ್ಕನ್ನು 1981ರಲ್ಲಿ ದಕ್ಷಿಣ ಆಫ್ರಿಕಾ ವಾಪಸ್ ಕೊಟ್ಟಿತು. ಈ ನೆಲವನ್ನು ಬ್ರಿಟಿಷರ ಹಿಡಿತಕ್ಕೆ ತಂದ ಸೆಸಿಲ್ ರೋಡ್ಸ್ ಕೇಪ್‌ಟೌನಿನ ತನ್ನ ಮನೆಯಲ್ಲಿ ಇಟ್ಟುಕೊಂಡಿದ್ದ ಹಕ್ಕಿ ಮಾತ್ರ ಆ ಸಲ ಬರಲಿಲ್ಲ.