ಕೆಂಪೆಲ್ಲ ಹಿಮೋಗ್ಲೋಬಿನ್ ಅಲ್ಲ: ಪ್ರಾಣಿಗಳ ರಕ್ತಪರೀಕ್ಷೆಯ ಒಳಗುಟ್ಟು

[ಪರದೆಯ ಮೇಲೆ: ಬೆಕ್ಕಿನ ರಕ್ತದ ಮಾದರಿ ವರದಿ]

ನಿರೂಪಣೆ: ಹಿಮೋಗ್ಲೋಬಿನ್ ಡೆಸಿಲೀಟರಿಗೆ 14 ಗ್ರಾಂ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಪಿಸಿವಿ, ಶೇ 30. ಬೆಕ್ಕಿನ ಮಟ್ಟಿಗೆ ಬಿಡಿಯಾಗಿ ಎರಡೂ ಸರಿಯೇ. ಜೊತೆಗಿಟ್ಟು ನೋಡಿದರೆ ಮಾತ್ರ ಲೆಕ್ಕ ತಾಳೆಯಾಗುವುದಿಲ್ಲ. ಸಾಮಾನ್ಯವಾಗಿ ಹಿಮೋಗ್ಲೋಬಿನ್ ಪಿಸಿವಿಯ ಮೂರನೇ ಒಂದರಷ್ಟಿರುತ್ತದೆ. ಇಲ್ಲಿ 10ರ ಆಸುಪಾಸು ಬರಬೇಕಿತ್ತು. ಮಿಕ್ಕ 4 ಗ್ರಾಂ ಎಲ್ಲಿಂದ ಬಂತು?

[ದೃಶ್ಯ: ಪಿಪೆಟ್‌ನಿಂದ ಟ್ಯೂಬಿಗೆ ಬೀಳುವ ರಕ್ತ]

ಅಳೆಯುವ ಬಗೆ ನೋಡಿ. 20 ಮೈಕ್ರೋಲೀಟರ್ ರಕ್ತವನ್ನು 5 ಮಿಲಿಲೀಟರ್ ಡ್ರಾಬ್ಕಿನ್ ದ್ರಾವಣಕ್ಕೆ ಬೆರೆಸುತ್ತಾರೆ. ಕೆಂಪುಕಣಗಳು ಒಡೆಯುತ್ತವೆ. ದ್ರಾವಣದಲ್ಲಿರುವ ಫೆರಿಸಯನೈಡ್ ಹಿಮೋಗ್ಲೋಬಿನ್ನಿನ ಕಬ್ಬಿಣವನ್ನು ಉತ್ಕರ್ಷಿಸುತ್ತದೆ, ಸಯನೈಡ್ ಅದಕ್ಕೆ ಅಂಟಿಕೊಳ್ಳುತ್ತದೆ. ಆ ಬಣ್ಣದ ಮೂಲಕ 540 ನ್ಯಾನೊಮೀಟರ್ ಬೆಳಕು ಹಾಯಿಸಿ, ಎಷ್ಟು ತಡೆಯಿತು ಎಂದು ಓದುತ್ತಾರೆ. ಹಲವು ಹೊಸ ಯಂತ್ರಗಳು ಸಯನೈಡನ್ನು ಕೈಬಿಟ್ಟಿವೆ, ತತ್ವ ಇದೇ. ಕಣ್ಣಳತೆಯಲ್ಲಿ ಬಣ್ಣ ಹೊಂದಿಸುವ ಸಾಹ್ಲಿ ವಿಧಾನವೂ ಇದೆ. ಬೇರೆ ಗತಿಯಿಲ್ಲದಿದ್ದರೆ ಸರಿ, ನಾನಂತೂ ಅದನ್ನು ಅಷ್ಟಾಗಿ ನಂಬುವುದಿಲ್ಲ.

ಯಂತ್ರಕ್ಕೆ ಗೊತ್ತಾಗುವುದು ಬೆಳಕು ತಡೆಯಿತು ಎಂಬುದಷ್ಟೇ. ತಡೆದದ್ದು ಯಾರೆಂದು ಅದು ಕೇಳುವುದಿಲ್ಲ. ಬೆಕ್ಕಿನ ಹಿಮೋಗ್ಲೋಬಿನ್ ಬಲು ಸೂಕ್ಷ್ಮ. ಈರುಳ್ಳಿಯನ್ನೋ ಪ್ಯಾರಾಸಿಟಮಾಲನ್ನೋ ತಿಂದ ಬೆಕ್ಕಿನಲ್ಲಿ ಅದು ಹಾಳಾಗಿ, ಕಣದೊಳಗೆ ಹೈನ್ಜ್ ಕಾಯ ಎಂಬ ಗಂಟುಗಳಾಗುತ್ತದೆ. ಕಣ ಒಡೆದರೂ ಗಂಟು ಕರಗುವುದಿಲ್ಲ. ದ್ರಾವಣ ಮಬ್ಬಾಗಿ ಅಂಕಿ ಏರುತ್ತದೆ. ರಕ್ತದಲ್ಲಿ ಕೊಬ್ಬು ಹೆಚ್ಚಿದ್ದರೂ ಇದೇ ಪಾಡು. ಹಕ್ಕಿ, ಹಾವು, ಮೀನುಗಳ ಕೆಂಪುಕಣಗಳಲ್ಲಂತೂ ಕೋಶಕೇಂದ್ರವೇ ಇರುತ್ತದೆ, ಅದೂ ದ್ರಾವಣವನ್ನು ಮಬ್ಬಾಗಿಸುತ್ತದೆ. ಅಲ್ಲಿ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ, ಮೇಲಿನ ತಿಳಿಯನ್ನಷ್ಟೇ ಓದಬೇಕು.

ಮೂರನೇ ಒಂದರ ಲೆಕ್ಕಕ್ಕೂ ಸಿಗದ ಪ್ರಾಣಿಯೊಂದಿದೆ: ಕುದುರೆ. ಬೆದರಿದರೆ ಅದರ ಗುಲ್ಮ ಸಂಕುಚಿಸಿ ಕೂಡಿಟ್ಟ ಕೆಂಪುಕಣಗಳನ್ನು ಹೊರದಬ್ಬುತ್ತದೆ. ಪಿಸಿವಿ, ಹಿಮೋಗ್ಲೋಬಿನ್ ಎರಡೂ ಒಟ್ಟಿಗೇ ಏರುತ್ತವೆ, ಲೆಕ್ಕ ಸರಿಯಾಗಿಯೇ ಕಾಣುತ್ತದೆ, ಹಾಗಾಗಿ ಬೆದರಿಕೆಯಿಂದಾದ ಏರಿಕೆ ಆ ಲೆಕ್ಕದಿಂದ ಗೊತ್ತಾಗುವುದಿಲ್ಲ.

[ದೃಶ್ಯ: ಕೆಂಪು ಮೂತ್ರದ ಮೂರು ಟ್ಯೂಬುಗಳು]

ಇನ್ನು ಮೂತ್ರ. ರಕ್ತ ಹುಡುಕುವ ಪರೀಕ್ಷಾ ಪಟ್ಟಿಯ ಬಣ್ಣ ಮೂರು ಕಾರಣಕ್ಕೆ ಬದಲಾಗಬಹುದು: ಇಡೀ ರಕ್ತಕಣ, ಬಿಡಿ ಹಿಮೋಗ್ಲೋಬಿನ್, ಇಲ್ಲವೇ ಸ್ನಾಯುಗಳಿಂದ ಸೋರಿದ ಮಯೋಗ್ಲೋಬಿನ್. ಮೂತ್ರವನ್ನು ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ. ಕೆಂಪು ತಳಕ್ಕಿಳಿದು ಮೇಲೆ ತಿಳಿಯಾದರೆ ರಕ್ತಕಣಗಳು. ತಿಳಿಯಾಗದಿದ್ದರೆ ಅದೇ ಪ್ರಾಣಿಯ ಪ್ಲಾಸ್ಮಾ, ಅಂದರೆ ಕಣಗಳನ್ನು ಬಿಟ್ಟು ಉಳಿದ ರಕ್ತದ ದ್ರವ, ನೋಡಿ. ಪ್ಲಾಸ್ಮಾ ಗುಲಾಬಿಯಾಗಿದ್ದರೆ ರಕ್ತನಾಳದೊಳಗೇ ಕಣಗಳು ಒಡೆಯುತ್ತಿವೆ. ರಕ್ತ ಹೀರುವ ಉಣ್ಣಿಗಳಿಂದ ಬಬೇಸಿಯಾ ಎಂಬ ಪರಾವಲಂಬಿ ತಗುಲಿದ ದನಗಳಲ್ಲಿ, ರಂಜಕ ಕುಸಿದ ಬಾಣಂತಿ ಎಮ್ಮೆಗಳಲ್ಲಿ ಹೀಗಾಗುತ್ತದೆ. ಪ್ಲಾಸ್ಮಾ ತಿಳಿಯಾಗಿದ್ದರೆ ಮಯೋಗ್ಲೋಬಿನ್ ಇರಬಹುದು, ಸ್ನಾಯುಗಳನ್ನು ಪರೀಕ್ಷಿಸಿ. ರಕ್ತ ತೆಗೆಯುವಾಗಲೇ ಕಣಗಳು ಒಡೆದರೂ ಪ್ಲಾಸ್ಮಾ ಗುಲಾಬಿಯಾಗುತ್ತದೆ, ಆದ್ದರಿಂದ ಅನುಮಾನ ಬಂದರೆ ಮತ್ತೊಮ್ಮೆ ರಕ್ತ ತೆಗೆಯುವುದೇ ಲೇಸು.

ಮಲದಲ್ಲಿ ಅಡಗಿದ ರಕ್ತ ಹುಡುಕುವ ಗ್ವಾಯಾಕ್ ಪರೀಕ್ಷೆಗೆ ಊಟದ ಮಾಂಸವೂ ಒಂದೇ, ಕರುಳಿನ ರಕ್ತವೂ ಒಂದೇ. ಹಾಗಾಗಿ ನಾಯಿಗೆ ಮೂರು ದಿನ ಮುಂಚಿನಿಂದಲೇ ಮಾಂಸ ನಿಲ್ಲಿಸಿ ಮಾದರಿ ಕೊಡಬೇಕು. ಮನೆಯವರು ಗುಟ್ಟಾಗಿ ಹಾಕುವ ತುಣುಕುಗಳೂ ಅದರಲ್ಲಿ ಸೇರಿವೆ.