ಹಡಗಿನ ಖರ್ಚಿಗೆ ಆಡಿದ ನಾಯಕ

ಕೇಳುಗರೆ, ನಮಸ್ಕಾರ. ಚಕ್ಕೋತದ ಹಣ್ಣು ನೀವೆಲ್ಲ ಕಂಡದ್ದೇ. ದಪ್ಪ ಸಿಪ್ಪೆ, ಎರಡು ಕೈಯಲ್ಲಿ ಹಿಡಿಯುವಷ್ಟು ಗಾತ್ರ. ದಕ್ಷಿಣ ಚೀನಾದ ಹಳ್ಳಿಯೊಂದರಲ್ಲಿ ಒಬ್ಬ ಹುಡುಗ ಅದನ್ನೇ ಚೆಂಡು ಮಾಡಿಕೊಂಡಿದ್ದನಂತೆ. ನಾಯಿ ನುಸುಳಲೆಂದು ಗೋಡೆಯ ಬುಡದಲ್ಲಿ ಬಿಟ್ಟಿದ್ದ ಕಂಡಿಯೇ ಅವನಿಗೆ ಗೋಲು.

ಆ ಹುಡುಗ ಲೀ ವಾಯ್ ಟಾಂಗ್. ಹುಟ್ಟಿದ್ದು 1905ರಲ್ಲಿ. 1923ರಲ್ಲಿ, ಇನ್ನೂ ಹದಿನೇಳರ ಪ್ರಾಯದಲ್ಲೇ, ಜಪಾನಿನ ಒಸಾಕಾದಲ್ಲಿ ಪೂರ್ವ ಏಷ್ಯಾದ ದೇಶಗಳು ಸೇರಿದ್ದ ದೂರಪ್ರಾಚ್ಯ ಕ್ರೀಡಾಕೂಟದಲ್ಲಿ ಚೀನಾ ಪರವಾಗಿ ಫುಟ್‌ಬಾಲ್ ಆಡಿದರು. ಮುಂದೆ ಶಾಂಘೈಯಲ್ಲಿ ಒಂದು ಮಾತೇ ಹುಟ್ಟಿಕೊಂಡಿತು: ನಾಟಕ ನೋಡುವುದಾದರೆ ಹೆಸರಾಂತ ರಂಗನಟ ಮೆಯಿ ಲಾನ್‌ಫಾಂಗರದು, ಫುಟ್‌ಬಾಲ್ ನೋಡುವುದಾದರೆ ಲೀ ಅವರದು.

ನನ್ನ ಮನಸ್ಸು ಮತ್ತೆ ಮತ್ತೆ ಹೋಗಿ ನಿಲ್ಲುವುದು 1936ರಲ್ಲಿ. ಬರ್ಲಿನ್ ಒಲಿಂಪಿಕ್ಸ್‌ಗೆ ಚೀನಾ ತಂಡ ಆಯ್ಕೆಯಾಗಿತ್ತು, ಹೋಗಲು ದುಡ್ಡಿರಲಿಲ್ಲ. ನಾಯಕ ಲೀ ಮತ್ತು ಜೊತೆಯವರು ತಿಂಗಳುಗಟ್ಟಲೆ ಮೊದಲೇ ಹೊರಟರು. ಸೈಗಾನ್, ಸಿಂಗಪುರ, ಜಾವಾ, ರಂಗೂನ್, ನಮ್ಮ ಕಲ್ಕತ್ತ, ಬೊಂಬಾಯಿ. ಹೋದ ಹೋದ ಊರಲ್ಲೆಲ್ಲ ಪಂದ್ಯ ಆಡುವುದು, ಟಿಕೆಟಿನ ಹಣ ಕೂಡಿಡುವುದು, ಮತ್ತೆ ಗಂಟುಮೂಟೆ ಕಟ್ಟುವುದು. ಒಟ್ಟು 27 ಪಂದ್ಯ. 23 ಗೆದ್ದರು, 4 ಡ್ರಾ. ಒಂದರಲ್ಲೂ ಸೋಲಲಿಲ್ಲ! ಬೊಂಬಾಯಿಯಿಂದ ಯುರೋಪಿಗೆ ಹಡಗು ಹತ್ತುವ ಹೊತ್ತಿಗೆ ಆ ಕಾಲುಗಳು ಎಷ್ಟು ದಣಿದಿರಬೇಡ.

ಆಗಸ್ಟ್ 6ರಂದು ಎದುರಿಗೆ ಬಂದದ್ದು ಬ್ರಿಟನ್. ಮಧ್ಯಂತರದವರೆಗೂ ಬ್ರಿಟನ್ನಿಗೆ ಒಂದೂ ಗೋಲು ಬಿಟ್ಟುಕೊಡಲಿಲ್ಲ. ಆಮೇಲೆ ಎರಡು ಗೋಲು ಬಿದ್ದವು. ಅಷ್ಟೆಲ್ಲ ಊರು ಸುತ್ತಿ ಬಂದವರಿಗೆ ಸಿಕ್ಕಿದ್ದು ಆ ಒಂದೇ ಪಂದ್ಯ. ಅದನ್ನು ಬರಿಯ ಸೋಲು ಎಂದು ಬರೆದಿಡಲು ನನಗಂತೂ ಮನಸ್ಸೊಪ್ಪುವುದಿಲ್ಲ.

ಯುದ್ಧ ಬಂತು. ತಾವಿದ್ದ ಹಾಂಗ್‌ಕಾಂಗ್ ಜಪಾನೀಯರ ವಶವಾದ ಮೇಲೆ ಲೀ ಚೀನಾದ ಒಳನಾಡಿಗೆ ಹೋದರು, ಅಲ್ಲಿ ಸಹಾಯಾರ್ಥ ಪಂದ್ಯಗಳನ್ನಾಡಿದರು. 1948ರ ಲಂಡನ್ ಒಲಿಂಪಿಕ್ಸ್‌ಗೆ ತರಬೇತುದಾರರಾಗಿ ಹೋದರು. ಟರ್ಕಿಯ ಎದುರು 4-0 ಸೋಲು.

ಅಷ್ಟರಲ್ಲಿ ಚೀನಾ ಎರಡು ಹೋಳಾಯಿತು. 1954ರ ಮನಿಲಾ ಏಷ್ಯನ್ ಕ್ರೀಡಾಕೂಟಕ್ಕೆ ತೈವಾನ್ ಸರ್ಕಾರದ ಹೆಸರಿನಲ್ಲಿ ಹೋದ ತಂಡದಲ್ಲಿ ಇದ್ದವರು ಹಾಂಗ್‌ಕಾಂಗ್ ಮೈದಾನಗಳ ಹುಡುಗರು, ತರಬೇತುದಾರರು ಇದೇ ಲೀ. ಫೈನಲ್‌ನಲ್ಲಿ ದಕ್ಷಿಣ ಕೊರಿಯಾವನ್ನು 5-2ರಿಂದ ಸೋಲಿಸಿದರು. ನಾಲ್ಕು ವರ್ಷ ಬಿಟ್ಟು ಟೋಕಿಯೋದಲ್ಲಿ ಫೈನಲ್‌ಗೆ ಅದೇ ಕೊರಿಯಾ, ಈ ಸಲ 3-2. ಬರ್ಲಿನ್ನಿನಿಂದ ಬರಿಗೈಲಿ ಮರಳಿದ್ದ ನಾಯಕನ ಹುಡುಗರ ಕೊರಳಿಗೆ ಎರಡನೆಯ ಬಾರಿ ಚಿನ್ನ ಬಿತ್ತು.