ಟೂಲ್ ಡ್ರಾಯರಿಗೆ ಹಾಸು: ಅರ್ಧ ಇಂಚಿನ ಜಗಳ

ಸಾಮಾನು ಹೊರಗೆ ತೆಗೆಯುವುದು, ಒರೆಸುವುದು ಎಲ್ಲ ಈ ವಿಡಿಯೋದ ಪರದೆಯ ಮೇಲೆ ಓಡುತ್ತಿದೆ, ಅದಕ್ಕೆ ನನ್ನ ಮಾತು ಬೇಡ. ಡ್ರಾಯರಿನ ಮೂಲೆಯಲ್ಲಿರುವ ಆ ಕಂದು ಪುಡಿಯನ್ನು ಮಾತ್ರ ನೋಡಿ. ಚಿಕ್ಕಮಗಳೂರಿನವನು ಎಂದ ಮಾತ್ರಕ್ಕೆ ಅದು ಕಾಫಿ ಪುಡಿಯಲ್ಲ, ತುಕ್ಕು. ಮೂಡಿಗೆರೆ, ಶೃಂಗೇರಿ ಕಡೆಯವರು "ನಿಮ್ಮ ಪೇಟೆಯದೂ ಒಂದು ಮಳೆಯೇ?" ಎಂದು ನಗುತ್ತಾರೆ, ಗೊತ್ತು. ಸ್ಪ್ಯಾನರಿಗೆ ಇಷ್ಟು ಥಂಡಿಯೇ ಸಾಕು.

ಇಲ್ಲಿ ಮೊದಲು ಇದ್ದದ್ದು ಗೋಣಿಚೀಲ. ತೋಟದ ಊರಿನಲ್ಲಿ ಗೋಣಿಗೇನು ಬರ, ಅಪ್ಪ ಕತ್ತರಿಸಿ ಹಾಸಿದ್ದರು. ಸೆಣಬು ಗಾಳಿಯಲ್ಲಿರುವ ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಈ ಹಳೆಯ ರಿಂಗ್ ಸ್ಪ್ಯಾನರಿನ ಮೇಲ್ಭಾಗ ಹೊಳೆಯುತ್ತಿದೆ. ಮಗುಚಿದರೆ, ಕ್ರೋಮ್ ಸವೆದ ಕಡೆಯಲ್ಲೆಲ್ಲ ಗೋಣಿಯ ನೇಯ್ಗೆಯೇ ಅಚ್ಚೊತ್ತಿದೆ, ಚೌಕ ಚೌಕವಾಗಿ. ಕಾರ್ಪೆಟ್ ತುಂಡು ಹಾಸಿದರೂ ಇದೇ ಪಾಡು. ಹಳೆಯ ದಿನಪತ್ರಿಕೆಯೇ ಅದಕ್ಕಿಂತ ಮೇಲು, ಎಣ್ಣೆ ಬಿದ್ದರೆ ಎತ್ತಿ ಬಿಸಾಡಬಹುದು. ಆದರೆ ಅದೂ ತೇವ ಕುಡಿಯುತ್ತದೆ. ಬೇಡ ಬಿಡಿ, ಪತ್ರಿಕೆಯೂ ಬೇಡ.

ಈಗ ಈ ಸುರುಳಿಯ ವಿಷಯ. ಜಾಲರಿಯಂಥ ಪಿವಿಸಿ, ಮೇಲೆ ಟೂಲ್ ಬಾಕ್ಸ್ ಲೈನರ್ ಎಂಬ ಹೆಸರು, 680 ರೂಪಾಯಿ. ಇದೇ ಜಾಲರಿಯನ್ನು ಅಡುಗೆಮನೆಯ ಕಪಾಟಿಗೆಂದು ಕೇಳಿದರೆ ಅರ್ಧ ಬೆಲೆ. ಪೊಟ್ಟಣದ ಮೇಲೆ ಅಗಲ 45 ಸೆಂಟಿಮೀಟರ್ ಎಂದಿದೆ, ನನ್ನ ಡ್ರಾಯರಿನ ಒಳ ಆಳವೂ ಅಷ್ಟೇ. ಟೇಪು ಹಿಡಿದರೆ 43.7! ಅರ್ಧ ಇಂಚು ಮಾಯ. ಅಂಗಡಿಗೆ ಹೋದೆ. "ಎಳೆದು ಹಾಸಿ ಸಾರ್, ಹಿಗ್ಗುತ್ತದೆ" ಎಂದರು. ಹಿಗ್ಗಲು ಇದೇನು ಚಪಾತಿ ಹಿಟ್ಟೇ? ವಾಪಸ್ ತೆಗೆದುಕೊಳ್ಳಿ ಎಂದರೆ, ಪೊಟ್ಟಣ ಒಡೆದ ಮಾಲು ವಾಪಸ್ ಇಲ್ಲವಂತೆ. ಒಡೆಯದೆ ಅಳೆಯುವುದು ಹೇಗೆ ಎಂದು ಕೇಳಿದೆ. ಅವರು ಮುಂದಿನ ಗಿರಾಕಿಗೆ ಮೊಳೆ ತೂಗತೊಡಗಿದರು. ನನಗೆ ಉರಿಯುವುದು ದುಡ್ಡಿಗಲ್ಲ. ಆ ಅರ್ಧ ಇಂಚಿನ ಸಂದು ಡ್ರಾಯರಿನ ಮುಂಭಾಗಕ್ಕೇ ಬರುತ್ತದೆ, ಪ್ರತಿ ಸಲ ಎಳೆದಾಗಲೂ ಸ್ಕ್ರೂಡ್ರೈವರ್ ಬಿಟ್‌ಗಳೆಲ್ಲ ಉರುಳಿ ಅಲ್ಲಿ ಸಾಲಾಗಿ ಕೂರುತ್ತವೆ. ಉಗುರಿನಲ್ಲಿ ಎಬ್ಬಿಸಬೇಕು.

ಜಾಲರಿಗೆ ಇನ್ನೊಂದು ಕೆಟ್ಟ ಗುಣವಿದೆ. ಪಿವಿಸಿಯನ್ನು ಮೆತ್ತಗಿಡಲು ಬೆರೆಸುವ ರಾಸಾಯನಿಕ ಕಾಲಕ್ರಮೇಣ ಹೊರಗೆ ಜಿನುಗುತ್ತದೆ. ಆಗ ಹಾಸು ಡ್ರಾಯರಿನ ಬಣ್ಣಕ್ಕೆ ಅಂಟಿಕೊಂಡು ಕೂರುತ್ತದೆ, ಕೀಳಲು ಹೋದರೆ ಬಣ್ಣವೂ ಜೊತೆಗೇ ಬರುತ್ತದೆ.

ಕೊನೆಗೆ ಗೆದ್ದದ್ದು ಚಪ್ಪಲಿಯ ಅಟ್ಟೆಗೆ ಬಳಸುವ ಇವಿಎ ಎಂಬ ಫೋಮ್ ಹಾಳೆ. ಚಪ್ಪಲಿ ರಿಪೇರಿ ಸಾಮಾನಿನ ಅಂಗಡಿಯಲ್ಲಿ 190 ರೂಪಾಯಿ, ಎರಡು ಡ್ರಾಯರಿಗೆ ಆಯಿತು. ಇದರ ಗುಳ್ಳೆಗಳು ಒಳಗೇ ಮುಚ್ಚಿಕೊಂಡಿರುವುದರಿಂದ ನೀರು ಹೀರುವುದಿಲ್ಲ. ಪೆಟ್ರೋಲಿಗೆ ಮಾತ್ರ ಉಬ್ಬುತ್ತದೆ. ಕಾರ್ಬುರೇಟರ್ ಬಿಚ್ಚಿದ ಕೈಯಲ್ಲೇ ಉಪಕರಣ ಎಸೆಯುವವರು ನೈಟ್ರೈಲ್ ರಬ್ಬರ್ ಹಾಳೆ ಕೊಳ್ಳಿ, ಅದು ಎಣ್ಣೆ, ಪೆಟ್ರೋಲು ಎರಡನ್ನೂ ತಡೆಯುತ್ತದೆ. ಮಾಮೂಲಿ ರಬ್ಬರ್ ತಡೆಯುವುದಿಲ್ಲ.

ಕಾರ್ಬುರೇಟರ್ ಎಂದಾಗ ನೆನಪಾಯಿತು, ಮೂಲೆಯಲ್ಲಿ ಕಾಣುತ್ತಿರುವುದು ಪಕ್ಕದ ತೋಟದವರ ಕಳೆ ಕೊಚ್ಚುವ ಯಂತ್ರ. ಹಳೆಯ ಪೆಟ್ರೋಲನ್ನು ಟ್ಯಾಂಕಿನಲ್ಲೇ ಬಿಟ್ಟು ಇಡೀ ಮಳೆಗಾಲ ಮೂಲೆಗೆ ಒರಗಿಸುತ್ತಾರೆ, ಮಳೆ ಬಿಟ್ಟ ಮರುದಿನ "ಹೊತ್ತುತ್ತಲೇ ಇಲ್ಲ ಮಾರಾಯರೇ" ಎಂದು ಹೊತ್ತು ತರುತ್ತಾರೆ. ಪೆಟ್ರೋಲು ಖಾಲಿ ಮಾಡಿಡಿ ಎಂದರೆ ಯಾರು ಕೇಳುತ್ತಾರೆ? ಪೆಟ್ರೋಲು ಹಾಯುವ ಸಣ್ಣ ತೂತಿದೆಯಲ್ಲ, ಜೆಟ್, ಅದರ ತುಂಬ ಗೋಂದು. ಅಯ್ಯೋ, ಹಾಳೆ ಕತ್ತರಿಸುವ ದೃಶ್ಯ ಮುಗಿಯುತ್ತಾ ಬಂತು.

ದಪ್ಪದ ಮಾತು ಬೇಗ ಹೇಳುತ್ತೇನೆ. ಮೂರು ಮಿಲಿಮೀಟರ್ ಸಾಕು. ಈ ಡ್ರಾಯರಿನಲ್ಲಿ ಆರು ಮಿಲಿಮೀಟರಿನದನ್ನು ಹಾಸಿ ನೋಡಿದಾಗ ರ‍್ಯಾಚೆಟ್ಟಿನ ತಲೆ ಮೇಲಿನ ಅಂಚಿಗೆ ಹೇಗೆ ತಗುಲಿತು ಎಂದು ಕಂಡಿರಲ್ಲ, ಕರ್ ಎಂದು ಸದ್ದು. ಗಮ್ ಹಚ್ಚಬೇಡಿ. ಹಾಸಿನ ಕೆಳಗೆ ಇಳಿದ ನೀರು ಆರಬೇಕಾದರೆ ಹಾಸು ಎತ್ತಲು ಬರಬೇಕು.

ಉಪಕರಣದ ಆಕಾರಕ್ಕೇ ಫೋಮ್ ಕೊರೆಯುವುದು ವಿಮಾನ ರಿಪೇರಿ ಮಾಡುವವರಿಗೆ ಸರಿ. ಒಂದು ಸ್ಪ್ಯಾನರ್ ಎಂಜಿನ್ನಿನಲ್ಲಿ ಉಳಿದರೂ ಅನಾಹುತ, ಖಾಲಿ ಗುಳಿ ಕಂಡರೆ ತಕ್ಷಣ ತಿಳಿಯುತ್ತದೆ. ಮನೆಯ ಶೆಡ್ಡಿಗೆ ಅದು ಬರೀ ಶೋಕಿ. ಸೂಕ್ಷ್ಮ ಅಳತೆಯ ವರ್ನಿಯರ್ ಕ್ಯಾಲಿಪರಿಗೆ ಒಂದು ಕೊರೆದಿದ್ದೇನೆ, ಅದು ಬೇರೆ ಮಾತು.

ಕೊನೆಯ ಡ್ರಾಯರಿನಲ್ಲಿ ಸುತ್ತಿಗೆ, ಪೈಪ್ ರೆಂಚ್. ಅದಕ್ಕೆ ಆ 680ರ ಜಾಲರಿಯನ್ನೇ ಹಾಸುತ್ತಿದ್ದೇನೆ. ಪೈಪ್ ರೆಂಚ್ ಅರ್ಧ ಇಂಚಿನ ಸಂದಿಗೆ ಉರುಳುವುದಿಲ್ಲ. ಬಣ್ಣಕ್ಕೆ ಅಂಟಿದರೆ ಅಂಟಲಿ, ಈ ಡ್ರಾಯರಿನ ಬಣ್ಣ ಆಗಲೇ ಹೋಗಿದೆ.